ಒಂದು ದಿನವೂ ಬಿಟ್ಟಿರಲಿಲ್ಲ

ಮಾರ್ಚ್ ೧೧, ಮಂಗಳವಾರ
ಅಂಗಡಿಯ ಹಿಂದಿನ ಕೋಣೆಯಿಂದ

ಮುದ್ದು ಮಗಳೇ,

ಊಟ ಮಾಡಿ, ಕೈತೊಳೆದು, ಆಮೇಲೆ ಈ ಕಾಗದ ಬಿಚ್ಚು. ಅರ್ಧ ಊಟದಲ್ಲಿ ಓದಬೇಡ, ಅನ್ನ ಇಳಿಯುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಮಂಡಿನೋವು ಮನೆ ಬಿಡಲೊಲ್ಲದ ಬಾಡಿಗೆಯವರ ಹಾಗೆ ಇದ್ದಲ್ಲೇ ಇದೆ. ಕನ್ನಡಕ ಬದಲಾಯಿಸಿದೆ, ಈಗ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರವೂ ಕಾಣುತ್ತದೆ. ಅಳಿಯಂದಿರ ಕೆಮ್ಮು ಹೋಯಿತೇ? ನಿನ್ನ ಎರಡು ಕಾಗದಗಳೂ ಬಂದವು, ಗುಂಡಿ ಡಬ್ಬಿಯ ಕೆಳಗೇ ಇಟ್ಟುಕೊಂಡು ದಿನಾ ನೋಡುತ್ತಿದ್ದೆ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಚಳಿಗಾಲ ಮುಗಿದು ಉಣ್ಣೆ ಬಟ್ಟೆ ಮಡಿಸಿಡುವ ಹೊತ್ತು, ಹುಳ ಹೊಡೆದ ಕೋಟು, ಶಾಲು ಎಲ್ಲ ತೂತು ಮುಚ್ಚಿ ರಫು ಹಾಕಿಸಲು ಒಟ್ಟಿಗೇ ಬಂದು ಬೀಳುತ್ತವೆ. ಆದರೆ ಅದು ನೆಪ. ಏನು ಬರೆಯಬೇಕು ಎಂಬುದು ಗೊತ್ತಿತ್ತು, ಎಲ್ಲಿಂದ ಹಿಡಿಯಬೇಕು ಎಂಬುದು ಗೊತ್ತಿರಲಿಲ್ಲ. ಫೋನಿನಲ್ಲಾದರೆ ನೀನು “ಅಮ್ಮಾ, ಸಾಕು” ಎಂದು ಇಟ್ಟುಬಿಡುತ್ತೀ. ಕಾಗದವನ್ನಾದರೆ ಬಿಸಾಡಿದರೂ ಆಮೇಲೆ ಎತ್ತಿಕೊಂಡು ಓದುತ್ತೀ. ನಿನ್ನನ್ನು ಹೆತ್ತವಳಿಗೆ ಅಷ್ಟು ಗೊತ್ತು.

ಎರಡನೆಯ ಕಾಗದದಲ್ಲಿ ಕೇಳಿದ್ದೀ: “ಮಾವನಿಗೆ ಏನು ಮಾಡಿದೆ ಅಮ್ಮಾ? ಕಾಯಿಲೆ ಬಿದ್ದ ಮನುಷ್ಯರನ್ನು ಎಲ್ಲರೆದುರು ಅಳಿಸಿ ಬಂದೆಯಂತೆ.” ಅತ್ತಿಗೆ ಹೇಳಿರಬೇಕು. ಹೌದು, ನನ್ನ ಸ್ವಂತ ಅಣ್ಣನನ್ನು ಅಳಿಸಿ ಬಂದೆ. ಅಳಲಿ ಎಂದೇ ಹೋಗಿದ್ದೆ.

ನಿನ್ನ ಅಪ್ಪನ ಬಗ್ಗೆ ನಾವಿಬ್ಬರೂ ಮಾತು ನಿಲ್ಲಿಸಿ ಎಷ್ಟೋ ವರ್ಷವಾಯಿತು. ಅದಕ್ಕೇ ಮೊದಲಿಂದ ಹೇಳುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ.

ಅಂಗಡಿಗಳಿಗೆ ಬೋರ್ಡು ಬರೆಯುವುದು ಅವರ ಕೆಲಸ. ಅಳತೆ ಪಟ್ಟಿ ಮುಟ್ಟದೆ ಉದ್ದದ ಗೆರೆಯನ್ನು ಒಂದೇ ಉಸಿರಿಗೆ ಎಳೆಯುವ ಕೈ. ಅವರಿಗೆ ಮೊದಲ ಸಲ ಹಾರ್ಟ್ ಅಟ್ಯಾಕ್ ಆದಾಗ ನೀನು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಬದುಕಿ ಬಂದರು. ಮನೆಯಲ್ಲೇ ಕೂತು ಕೂತು ಬೇಸತ್ತು ಮತ್ತೆ ಬ್ರಷ್ಷು ಹಿಡಿದರು. ಆದರೆ ಗೆರೆಯ ನಡುವೆ ಕೈ ನಿಲ್ಲುತ್ತಿತ್ತು. “ಎದೆಯೊಳಗೆ ಯಾರೋ ಮೆಟ್ಟಿಲು ತಪ್ಪಿ ಇಳಿದ ಹಾಗೆ ಆಗುತ್ತೆ ಕಣೇ” ಎನ್ನುತ್ತಿದ್ದರು.

ನಿನ್ನ ಮಾವ ಆಗ ಹೃದಯದ ಡಾಕ್ಟರಾಗಿ ಹೆಸರು ಮಾಡುತ್ತಿದ್ದ ಕಾಲ. ಅಪ್ಪನ ಎದೆಗೆ ತಂತಿ ಅಂಟಿಸಿ, ಕೊರಳಿಗೊಂದು ಡಬ್ಬಿ ನೇತುಹಾಕಿ, ಒಂದು ಇಡೀ ದಿನದ ಬಡಿತವನ್ನು ಬರೆಸಿಕೊಂಡ. ಆಮೇಲೆ ನಮ್ಮ ಮನೆಯ ಬೆಂಚಿನ ಮೇಲೆ ಕೂತು ಬಿಡಿಸಿ ಹೇಳಿದ. “ಅಟ್ಯಾಕ್ ಆದಾಗ ಗುಂಡಿಗೆಯ ಒಂದು ತುಂಡು ಸತ್ತು ಕಲೆಯಾಗಿದೆ. ಆ ಕಲೆಯ ಅಂಚಿಂದ ಈ ತಪ್ಪು ಬಡಿತ ಹುಟ್ತಿದೆ. ಇದು ಕಿಡಿ. ಕಿಡಿ ಆರಿಸಿದ್ರೆ ಬೆಂಕಿ ಬೀಳಲ್ಲ.” ಬಡಿತ ತಿದ್ದುವ ಮಾತ್ರೆ ಕೊಟ್ಟ. ಆಗ ಎಲ್ಲ ಡಾಕ್ಟರೂ ಹಾಗೆಯೇ ಹೇಳುತ್ತಿದ್ದರಂತೆ, ಹಾಗೆಯೇ ಕೊಡುತ್ತಿದ್ದರಂತೆ. ಅದನ್ನು ನಾನು ಒಪ್ಪುತ್ತೇನೆ.

ಮಾತ್ರೆ ಹಿಡಿಯಿತು. ಇಲ್ಲ ಎನ್ನಲಾರೆ. ಎದೆಯ ಮೆಟ್ಟಿಲು ತಪ್ಪುವುದು ನಿಂತಿತು, ಗೆರೆ ಮತ್ತೆ ನೆಟ್ಟಗೆ ಬಂತು, ಏಣಿಯ ಮೇಲಿಂದ ಸಿಳ್ಳು ಕೇಳಿಸತೊಡಗಿತು. ಮಾವ ಆ ಇಸಿಜಿ ಕಾಗದವನ್ನು ಡಾಕ್ಟರುಗಳ ಸಭೆಗೆ ಒಯ್ದು ತೋರಿಸಿದ. ನಡುವೆ ಒಂದು ಸಲ ನಿನ್ನ ಅಪ್ಪ ಅವನಿಗೆ ಹೇಳಿದರು: “ಭಾವಾ, ಒಂದೊಂದ್ಸಲ ಕಣ್ಣು ಕತ್ತಲೆ ಬಂದ ಹಾಗೆ ಆಗುತ್ತೆ.” ಅವನು ನಕ್ಕ. “ಏಣಿ ಹತ್ತಿ ಕತ್ತು ಎತ್ತಿ ಕೆಲಸ ಮಾಡೋರಿಗೆಲ್ಲ ಆಗುತ್ತೆ. ನಿನ್ನ ಇಸಿಜಿ ನೋಡು, ಅಚ್ಚು ಹಾಕಿದ ಹಾಗಿದೆ. ಮಾತ್ರೆ ಮಾತ್ರ ಬಿಡಬೇಡ.”

ಬಿಡಲಿಲ್ಲ. ಒಂದು ಬೆಳಗ್ಗೆ, ಬಿಸಿಲು ಏರುವ ಹೊತ್ತಿಗೆ, ಕನ್ನಡಕದ ಅಂಗಡಿಯ ಬೋರ್ಡು ಬರೆಯುತ್ತಿದ್ದವರು ಕೆಳಗೆ ಬಿದ್ದರು. ಬಿದ್ದು ಸತ್ತರು ಎಂದರು ಜನ. ಸತ್ತು ಬಿದ್ದರು ಎಂದು ಆಸ್ಪತ್ರೆಯಲ್ಲಿ ಗೊತ್ತಾಯಿತು.

ಆ ಮಧ್ಯಾಹ್ನ ನಮ್ಮ ಮನೆ ತುಂಬ ಜನ. ನಿನ್ನನ್ನು ಎದುರು ಮನೆಯವರು ಕರೆದುಕೊಂಡು ಹೋಗಿದ್ದರು. ಮಾವ ಬಂದ, ಅಡುಗೆಮನೆಗೆ ಹೋಗಿ ನೀರು ಕುಡಿದ, ಹೊರಗೆ ಬಂದು ನಡುಮನೆಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಮಾತ್ರೆ ಬಿಟ್ಟಿದ್ದಾನೆ. ನಾನು ಎಷ್ಟು ಬಡ್ಕೊಂಡೆ. ಕೈಯಾರೆ ಮಾಡ್ಕೊಂಡ.”

ನಾನು ಎದ್ದು ನಿಂತೆ. “ಇಲ್ಲ ಅಣ್ಣ, ಒಂದು ದಿನವೂ ಬಿಟ್ಟಿಲ್ಲ. ದಿನಾ ಬೆಳಗ್ಗೆ ನನ್ನ ಕಣ್ಣೆದುರಿಗೇ ತಗೊಂಡಿದ್ದಾರೆ.”

“ನೀನು ಸುಮ್ನಿರು. ನಿನಗೇನು ಗೊತ್ತು?”

ದೊಡ್ಡ ಡಾಕ್ಟರು ಒಂದು ಕಡೆ, ಹರಿದ ಬಟ್ಟೆ ಹೊಲಿಯುವವಳು ಒಂದು ಕಡೆ. ಜನ ಯಾರ ಮಾತು ನಂಬುತ್ತಾರೆ? ಅಂದಿನಿಂದ ನಮ್ಮ ಬಳಗದಲ್ಲಿ ಅದೊಂದು ಗಾದೆಯೇ ಆಯಿತು. ಯಾರಾದರೂ ಮಾತ್ರೆ ಮರೆತರೆ “ಬೋರ್ಡಿನ ಭಾವನ ಥರ ಮಾಡ್ಕೋಬೇಡ” ಎನ್ನುವುದು. ಯಾರ ಮನೆಗೆ ಹೋದರೂ ನನ್ನ ಗಂಡ ಸತ್ತ ಮೇಲೂ ಬುದ್ಧಿವಾದವಾಗಿ ಕೂತಿರುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಕೆಟ್ಟ ಮನಸ್ಸಿನಿಂದಲ್ಲ. ನಾನು ಚಹಾ ಕುಡಿದು ಲೋಟ ಇಟ್ಟು ಬರುತ್ತಿದ್ದೆ.

ನೀನು ಕಾಲೇಜು ಮುಗಿಸುವ ವರ್ಷ ಒಬ್ಬ ವಯಸ್ಸಾದ ಡಾಕ್ಟರಮ್ಮ ಕೋಟು ರಫು ಹಾಕಿಸಲು ಬಂದರು. ಕಾಯುತ್ತ ಕೂತಿದ್ದರು, ಮಾತಿಗೆ ಮಾತು ಬಂತು, ಅವರೂ ನಿನ್ನ ಮಾವನ ಆಸ್ಪತ್ರೆಯಲ್ಲೇ ಇದ್ದವರು ಎಂದು ತಿಳಿಯಿತು. ಅಪ್ಪನ ಕಥೆ ಹೇಳಿ, ಆ ಮಾತ್ರೆಯ ಹೆಸರು ಹೇಳಿದೆ. ಅವರು ಮೆಲ್ಲಗೆ ಕನ್ನಡಕ ತೆಗೆದರು.

“ಒಳ್ಳೇದಾಗುತ್ತೆ ಅಂತಲೇ ನಾವೆಲ್ಲ ಅದನ್ನ ಕೊಟ್ಟದ್ದು ಕಣಮ್ಮ. ಆಮೇಲೆ ದೊಡ್ಡದೊಂದು ಪರೀಕ್ಷೆ ಮಾಡಿದ್ರು. ಅರ್ಧ ಜನಕ್ಕೆ ಇಂಥ ಮಾತ್ರೆ, ಇನ್ನರ್ಧ ಜನಕ್ಕೆ ನೋಡೋಕೆ ಹಾಗೇ ಇರೋ ಔಷಧವಿಲ್ಲದ ಗುಳಿಗೆ. ತಪ್ಪು ಬಡಿತ ನಿಂತದ್ದು ಮಾತ್ರೆ ತಗೊಂಡವರಲ್ಲಿ. ಹೆಚ್ಚು ಸತ್ತದ್ದೂ ಅವರೇ.”

“ಅಂದ್ರೆ?”

“ಅಟ್ಯಾಕ್ ಆಗಿ ಕಲೆ ಉಳಿದ ಎದೆಯಲ್ಲಿ ಅದು ಸಣ್ಣ ತಪ್ಪು ತಿದ್ದೋಕೆ ಹೋಗಿ ದೊಡ್ಡ ಅನಾಹುತ ಎಬ್ಬಿಸಬಹುದು. ಗುಂಡಿಗೆ ಗಟ್ಟಿಯಾಗಿದ್ದು ಬರೀ ಬಡಿತ ಕೆಟ್ಟವರಿಗೆ ಇವತ್ತಿಗೂ ಕೊಡ್ತೀವಿ, ಅವರಿಗೆ ಅದು ಉಪಕಾರವೇ. ನಿಮ್ಮೆಜಮಾನ್ರಂಥವರಿಗೆ ಅಲ್ಲ. ಅವರು ತೀರಿಕೊಂಡಾಗ ಅದು ಯಾರಿಗೂ ಗೊತ್ತಿರಲಿಲ್ಲ.”

“ಗೊತ್ತಾದ ಮೇಲೆ ನಮ್ಮಣ್ಣನಿಗೂ ಗೊತ್ತಾಗಿರುತ್ತಾ?”

“ಗೊತ್ತಾಗದೆ ಇರುತ್ತಾ? ಸುದ್ದಿ ಬಂದ ಕೂಡಲೇ ರೋಗಿಗಳನ್ನ ಒಬ್ಬೊಬ್ಬರನ್ನೇ ಕರೆಸಿ ಮಾತ್ರೆ ನಿಲ್ಲಿಸಿದ್ವಿ. ನಿಮ್ಮಣ್ಣನೂ ನಾನೂ ಒಂದೇ ಕೋಣೆಯಲ್ಲಿ ಕೂತು ಮಾಡಿದ ಕೆಲಸ ಅದು.”

ಅವರ ಕೋಟಿನ ತೋಳು ನನ್ನ ಮಡಿಲಲ್ಲಿತ್ತು. ಸೂಜಿ ಬೆರಳಿಗೆ ಚುಚ್ಚಿದ್ದು ಆಮೇಲೆ ಕಂಡಿತು.

ಮಗಳೇ, ಮಾತ್ರೆ ಕೊಟ್ಟದ್ದನ್ನು ನಾನು ಆ ಹೊತ್ತೇ ಕ್ಷಮಿಸಿದೆ. ಗೊತ್ತಿಲ್ಲದೆ ಕೊಟ್ಟದ್ದು, ಪ್ರೀತಿಯಿಂದ ಕೊಟ್ಟದ್ದು. ಆದರೆ ಯಾರ್ಯಾರನ್ನೋ ಕರೆಸಿ “ಇನ್ನು ಬೇಡ” ಎಂದವನಿಗೆ ತಂಗಿಯ ಮನೆ ಎರಡು ಬೀದಿ ಆಚೆ ಇತ್ತು. ಬಂದು ಬಾಗಿಲಲ್ಲೇ ನಿಂತು, “ನಿನ್ನ ಗಂಡ ಮಾತ್ರೆ ಬಿಟ್ಟು ಸತ್ತದ್ದಲ್ಲಮ್ಮ” ಎಂದಿದ್ದರೆ ಸಾಕಿತ್ತು. ಬರಲಿಲ್ಲ. ಸತ್ತವರ ತಲೆಯ ಮೇಲೆ ತಪ್ಪು ಹೊರಿಸಿ ತಾನು ಹಗುರಾಗಿ ನಡೆದ. ನಿನಗೆ ತನ್ನ ಮೇಜಿನ ಮೇಲೆ ಗಣಿತ ಹೇಳಿಕೊಡುತ್ತಲೇ ನಡೆದ.

ಆ ಸಂಜೆಯೇ ಹೋಗಿ ಜಗಳ ತೆಗೆಯಬಹುದಿತ್ತು. ತೆಗೆದಿದ್ದರೆ ಮತ್ತೆ ಅದೇ: “ನಿನಗೇನು ಗೊತ್ತು?” ನನ್ನ ಮಾತು ನಿಜವೆಂದು ಅವನ ಬಾಯೇ ಹೇಳಬೇಕಿತ್ತು, ಅದೂ ಜನರ ಎದುರಿಗೆ. ಅದಕ್ಕೇ ಕಾದೆ. ಬೂದಿ ಮುಚ್ಚಿದ ಕೆಂಡಕ್ಕೆ ಹಸಿವಾಗುವುದಿಲ್ಲ, ನಿದ್ದೆಯೂ ಬರುವುದಿಲ್ಲ.

ಈ ಚಳಿಗಾಲದಲ್ಲಿ ಅವನಿಗೇ ಅಟ್ಯಾಕ್ ಆಯಿತು. ಅವನ ಗುಂಡಿಗೆಯಲ್ಲೂ ಕಲೆ, ಅವನಿಗೂ ತಪ್ಪು ಬಡಿತ. ಒಂದು ಸಲ ಬಡಿತ ಪೂರಾ ಹುಚ್ಚೆದ್ದು ಪ್ರಾಣ ಹೋಗಿ ಬಂತು. ಕೊರಳೆಲುಬಿನ ಕೆಳಗೆ ಚರ್ಮದೊಳಗೊಂದು ಯಂತ್ರ ಇಟ್ಟರು. ಬಡಿತ ಹದ ತಪ್ಪಿದರೆ ಅದು ಒಳಗಿಂದಲೇ ಶಾಕ್ ಕೊಟ್ಟು ಬದುಕಿಸುತ್ತದೆ. ಆದರೆ ಶಾಕ್ ಮೇಲೆ ಶಾಕ್ ಬರತೊಡಗಿತು. ಅದನ್ನು ಕಡಿಮೆ ಮಾಡಲು ಮಾತ್ರೆ ಬರೆದುಕೊಟ್ಟರು. ಅವನು ಬಾಯಿ ಬಿಗಿದುಕೊಂಡು ಕೂತುಬಿಟ್ಟ. ಊರಿಗೆಲ್ಲ ಮಾತ್ರೆ ನುಂಗಿಸಿದವನು, ತನ್ನ ಸರದಿ ಬಂದಾಗ ಬೇಡ ಎಂದ.

ಅತ್ತಿಗೆ ಕರೆದಳು: “ನೀನು ಬಂದು ಹೇಳಮ್ಮ, ನಿನ್ನ ಮಾತು ಕೇಳ್ತಾರೆ.” ನೀನೂ ಫೋನ್ ಮಾಡಿ, “ಮಾವ ನಮಗೆ ಮಾಡಿದ್ದನ್ನ ಮರೀಬೇಡ ಅಮ್ಮಾ” ಎಂದೆ. ಮರೆಯಲಿಲ್ಲ. ಅಂಗಡಿಗೆ ಬೀಗ ಹಾಕಿ, ಅಲ್ಲೇ ಉಳಿಯಲೆಂದು ಎರಡು ಸೀರೆ ಚೀಲಕ್ಕೆ ತುಂಬಿ, ಮದುವೆಗೆ ಹೊರಟವಳ ಹಾಗೆ ಹೊರಟೆ.

ಅವನನ್ನು ನೋಡಿ ಅಯ್ಯೋ ಅನ್ನಿಸಬೇಕಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ, ಸ್ನಾನಕ್ಕೆ ಹೋಗಲು ಹೆದರಿಕೆ, ಮೆಟ್ಟಿಲು ಹತ್ತಲು ಹೆದರಿಕೆ. ನಾನು ಹೋದ ಮಾರನೆಯ ದಿನವೇ ನನ್ನ ಕಣ್ಣೆದುರಿಗೆ ಶಾಕ್ ಬಂತು. ಎದೆಗೆ ಕುದುರೆ ಒದ್ದವನ ಹಾಗೆ ಹಿಂದಕ್ಕೆ ಎಗರಿದ, ಕೈಯಲ್ಲಿದ್ದ ಹಾಲು ಗೋಡೆಗೆ ಚೆಲ್ಲಿತು. ಅತ್ತಿಗೆ ಕಿರುಚಿಕೊಂಡಳು. ನಾನು ಗೋಡೆ ಒರೆಸಿದೆ. ಅಯ್ಯೋ ಅನ್ನಿಸಲಿಲ್ಲ.

ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮನೆಗೇ ಬಂದಳು, ಅವನ ಶಿಷ್ಯೆಯೇ. ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು. “ಸರ್, ಇದು ಹಳೇ ಮಾತ್ರೆಗಳ ಜಾತಿಯದಲ್ಲ, ಕಲೆ ಇರೋ ಎದೆಗೂ ಕೊಡಬಹುದು ಅಂತ ನಿಮಗೇ ಗೊತ್ತು. ಶಾಕ್ ಕಡಿಮೆ ಆಗುತ್ತೆ. ಆಯಸ್ಸು ಹೆಚ್ಚುತ್ತೆ ಅಂತ ನಾನು ಮಾತು ಕೊಡಲ್ಲ. ಥೈರಾಯ್ಡ್ ಕೆಡಬಹುದು, ಲಿವರ್‌ಗೆ ತೊಂದರೆ ಆಗಬಹುದು, ಅಪರೂಪಕ್ಕೆ ಶ್ವಾಸಕೋಶಕ್ಕೂ ಪೆಟ್ಟು ಬೀಳಬಹುದು. ಒಣಕೆಮ್ಮು, ಏದುಸಿರು ಬಂದ್ರೆ ಆ ದಿನವೇ ತಿಳಿಸಿ. ಬಿಸಿಲಿಗೆ ಮೈ ಒಡ್ಡಬೇಡಿ. ಆಗಾಗ ರಕ್ತ ಪರೀಕ್ಷೆ ಮಾಡಿಸ್ತಾ ಇರೋಣ. ಎರಡೂ ಕಡೆ ತೂಗಿ ನೋಡಿ ನೀವೇ ಹೇಳಿ.”

ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ ನನಗೆ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಎಷ್ಟು ಚೆನ್ನಾಗಿ, ಎಷ್ಟು ಸಮಾಧಾನವಾಗಿ! ನಿನ್ನ ಅಪ್ಪನ ಕೈಗೆ ಯಾರೂ ತಕ್ಕಡಿ ಕೊಡಲಿಲ್ಲ. “ಬಿಡಬೇಡ” ಎಂಬ ಒಂದೇ ಮಾತು ಕೊಟ್ಟರು.

ಅಂದಿನಿಂದ ನನ್ನ ಕೆಲಸ ಶುರುವಾಯಿತು. ಬೆಳಗ್ಗೆ ತಟ್ಟೆಯಲ್ಲಿ ಮಾತ್ರೆ ಇಟ್ಟು, ಪಕ್ಕದಲ್ಲಿ ನೀರು ಇಟ್ಟು ಎದುರಿಗೆ ಕೂರುತ್ತಿದ್ದೆ. ತಗೋ ಎನ್ನುತ್ತಿರಲಿಲ್ಲ.

“ಯಾಕೆ ಹೆದರಿಕೆ ಅಣ್ಣ?”

“ನಿನಗೆ ಗೊತ್ತಾಗಲ್ಲ. ಇಂಥ ಮಾತ್ರೆ ಕಾಯೋದೂ ಉಂಟು, ಕೊಲ್ಲೋದೂ ಉಂಟು.”

“ಹೌದಾ? ಯಾರನ್ನ ಕೊಂದಿತ್ತು?”

ಅವನು ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದ. ನೋಡಲು ಬಂದವರನ್ನೆಲ್ಲ ನಾನೇ ಬಾಗಿಲಲ್ಲಿ ಎದುರುಗೊಳ್ಳುತ್ತಿದ್ದೆ. ಹಳೆಯ ಸಹೋದ್ಯೋಗಿಗಳು, ನೆಂಟರು, ಅವನ ಕೈಯಲ್ಲಿ ಬದುಕಿದ ರೋಗಿಗಳು. ಎಲ್ಲರಿಗೂ ಒಂದೇ ಮಾತು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ: “ಮಾತ್ರೆ ಬಿಟ್ಟಿದ್ದಾನೆ. ನಾವು ಎಷ್ಟು ಬಡ್ಕೊಂಡ್ವಿ. ನಾಳೆ ಏನಾದ್ರೂ ಆದ್ರೆ ಕೈಯಾರೆ ಮಾಡ್ಕೊಂಡ ಅಂತ ತಿಳ್ಕೊಳ್ಳಿ.”

ಬಂದವರು ಅವನ ಹತ್ತಿರ ಹೋಗಿ ಬುದ್ಧಿ ಹೇಳುತ್ತಿದ್ದರು. ಡಾಕ್ಟರಿಗೆ ಬುದ್ಧಿ! ಔಷಧದ ಅಂಗಡಿ ಇಟ್ಟವನು ಹೇಳಿದ, ಪೋಸ್ಟ್‌ಮಾಸ್ಟರ್ ಹೇಳಿದ, ಹಾಲು ತರುವವಳು ಹೇಳಿದಳು. ಪ್ರತಿಯೊಬ್ಬರೂ ಅವನನ್ನು ಸದರದಿಂದ, ಹಟಮಾರಿ ಮಗುವನ್ನು ನೋಡುವ ಹಾಗೆ ನೋಡಿ ಹೋಗುತ್ತಿದ್ದರು. ಅವನ ಮುಖ ದಿನದಿಂದ ದಿನಕ್ಕೆ ಚಿಕ್ಕದಾಗುವುದನ್ನು ನಾನು ಎದುರಿಗೆ ಕೂತು ಸ್ವೆಟರ್ ಹೆಣೆಯುತ್ತ ನೋಡಿದೆ. ಇಷ್ಟು ಸುಖ ನನಗೆ ಯಾವುದರಲ್ಲೂ ಸಿಕ್ಕಿರಲಿಲ್ಲ ಎಂದರೆ ನಿನಗೆ ಅಸಹ್ಯವಾಗಬಹುದು. ಆಗಲಿ. ಸುಳ್ಳು ಬರೆಯಲಾರೆ.

ಒಂದು ದಿನ ಯಾರೂ ಇಲ್ಲದಾಗ ಕೇಳಿದ: “ನಾನು ಸತ್ತ ಮೇಲೂ ಹೀಗೇ ಹೇಳ್ತೀಯಾ?”

“ಹೇಳ್ತೀನಿ. ನಡುಮನೆಯಲ್ಲಿ ನಿಂತು, ಎಲ್ಲರಿಗೂ ಕೇಳೋ ಹಾಗೆ ಹೇಳ್ತೀನಿ.”

“ಯಾರಿಂದ ಕಲಿತೆ ಇದನ್ನ?”

“ಮನೆಗೆ ಹಿರಿಯಣ್ಣ ಅಂತ ಒಬ್ಬ ಇದ್ದ. ಅವನಿಂದ.”

ಅವನಿಗೆ ಗೊತ್ತಾಯಿತು, ನನಗೆ ಗೊತ್ತಿದೆ ಎಂದು. ಆ ಕ್ಷಣದಲ್ಲಿ ಅವನ ಕಣ್ಣಲ್ಲಿ ಕಂಡ ಭಯ ಶಾಕಿನ ಭಯವಲ್ಲ. ಆದರೂ ಬಾಯಿ ಬಿಡಲಿಲ್ಲ. ನಾನೂ ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ ಬಳಗವೆಲ್ಲ ಸೇರಿತ್ತು. ಅತ್ತಿಗೆಯ ತಮ್ಮ, ಬಾಯಿಗೆ ಬೀಗವಿಲ್ಲದವನು, ನಾವೆಲ್ಲ ರೇಡಿಯೋ ಎನ್ನುತ್ತೇವಲ್ಲ ಅವನು, ಅಣ್ಣನ ಹೆಗಲು ತಟ್ಟಿ ನಗುತ್ತ ಅಂದ: “ಏನು ಭಾವ, ಇಡೀ ಊರಿಗೆ ಬುದ್ಧಿ ಹೇಳಿದೋರು ನೀವು! ಕೊನೆಗೆ ಬೋರ್ಡಿನ ಭಾವನ ಥರ ನೀವೂ ಮಾತ್ರೆ ಬಿಟ್ಟು…”

ಎಲ್ಲರೂ ನಕ್ಕರು. ಅಣ್ಣ ನನ್ನನ್ನು ನೋಡಿದ. ನಾನು ಕಣ್ಣು ಕೀಳಲಿಲ್ಲ.

“ಅವನು ಬಿಟ್ಟಿರಲಿಲ್ಲ” ಎಂದ.

“ಏನಂದ್ರಿ?”

“ಒಂದು ದಿನವೂ ಬಿಟ್ಟಿರಲಿಲ್ಲ. ಆ ದಿನ ನೀರು ಕುಡಿಯೋಕೆ ಅಂತ ಅಡುಗೆಮನೆಗೆ ಹೋದೆ. ಗೂಡಿನಲ್ಲಿ ಅವನ ಮಾತ್ರೆ ಬಾಟ್ಲಿ ಇತ್ತು. ಸುರಿದು ಎಣಿಸಿದೆ. ಎಷ್ಟು ಉಳೀಬೇಕಿತ್ತೋ ಅಷ್ಟೇ ಇತ್ತು. ಜೇಬಿಗೆ ಹಾಕ್ಕೊಂಡು ಹೊರಗೆ ಬಂದು ಸುಳ್ಳು ಹೇಳಿದೆ. ನಾನು ಕೊಟ್ಟ ಮಾತ್ರೆ ತಗೊಂಡೂ ಸತ್ತ ಅಂದ್ರೆ ನನ್ನ ಹತ್ತಿರ ಯಾರು ಬರ್ತಾರೆ ಅಂತ ಹೆದರಿಕೆ ಆಯ್ತು. ಆಮೇಲೆ ಆ ಮಾತ್ರೆಯ ಗುಣ ಗೊತ್ತಾಯ್ತು. ಅವನ ಎದೆಗೆ ಅದೇ ಮುಳುವಾಗಿರಬೇಕು. ಆಗಲೂ ಬಂದು ಹೇಳಲಿಲ್ಲ.”

ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅತ್ತಿಗೆ “ಸಾಕು, ಎದೆಗೆ ಆಯಾಸ” ಎನ್ನುತ್ತಿದ್ದಳು. ರೇಡಿಯೋ ಮೊದಲ ಸಲ ಬಂದ್ ಆಗಿತ್ತು.

ಅವನು ಕೊಟ್ಟದ್ದೂ ಆಮೇಲೆ ಮುಚ್ಚಿಟ್ಟದ್ದೂ ನನಗೆ ತಿಳಿದಿತ್ತು, ಎಣಿಸಿದ್ದು ತಿಳಿದಿರಲಿಲ್ಲ. ಏನೋ ಊಹಿಸಿಕೊಂಡು ಬಾಯಿಗೆ ಬಂದದ್ದು ಅಂದ ಎಂದುಕೊಂಡಿದ್ದೆ. ಎಣಿಸಿ, ಸರಿಯಿದೆ ಎಂದು ನೋಡಿ, ಆಮೇಲೆ ನನಗೆ “ಸುಮ್ನಿರು” ಎಂದಿದ್ದಾನೆ! ಮರುಕ ಬರಲು ಎಲ್ಲೋ ಒಂದಿಷ್ಟು ಜಾಗ ಇದ್ದರೆ ಅದೂ ಅಲ್ಲಿಗೆ ಮುಚ್ಚಿತು. ಹೊಟ್ಟೆ ತಣ್ಣಗಾಯಿತು ಎನ್ನುತ್ತಾರಲ್ಲ, ಆಗಲಿಲ್ಲ. ಆದರೆ ಬೆನ್ನು ನೆಟ್ಟಗಾಯಿತು.

ಸೀರೆಗಳನ್ನು ಚೀಲಕ್ಕೆ ತುಂಬಿ ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಕೂಗಿದ: “ಈಗ ಹೇಳಿಬಿಡು. ಈ ಮಾತ್ರೆ ತಗೊಳ್ಳಲಾ, ಬೇಡವಾ? ನೀನು ಹೇಳಿದ ಹಾಗೆ ಮಾಡ್ತೀನಿ.”

“ಡಾಕ್ಟರಮ್ಮನ್ನ ಕೇಳು. ನನಗೇನು ಗೊತ್ತು?”

ಅಷ್ಟು ಹೇಳಿ ಬಂದೆ. ಇದು ನಿನ್ನ ಪ್ರಶ್ನೆಗೆ ಉತ್ತರ.

ಅಂದೇ ಸಂಜೆ ಮಾತ್ರೆ ಶುರು ಮಾಡಿದನಂತೆ. ಮೊನ್ನೆ ಅತ್ತಿಗೆ ಸಿಟ್ಟಿನಲ್ಲೇ ಫೋನ್ ಮಾಡಿ ಹೇಳಿದಳು: ಶಾಕ್ ನಿಂತಿದೆ, ಸ್ನಾನಕ್ಕೆ ತಾನೇ ಹೋಗುತ್ತಾನೆ, ಬಿಸಿಲಿಗೆ ಹೋಗುವಂತಿಲ್ಲ ಎಂದು ಕೊಡೆ ಹಿಡಿದು ಗೇಟಿನವರೆಗೆ ನಡೆಯುತ್ತಾನೆ, ರಕ್ತ ಪರೀಕ್ಷೆ ಇಲ್ಲಿಯವರೆಗೆ ಸರಿಯಿದೆ. ಕೇಳಿ ನನಗೆ ಸಂತೋಷವೇ ಆಯಿತು. ಆ ಮಾತ್ರೆ ಅವನನ್ನು ಕಾಯಲಿ. ಬಹಳ ಕಾಲ ಕಾಯಲಿ. ಬಳಗದಲ್ಲಿ ಇನ್ನೂ ಕೇಳದವರು ತುಂಬ ಜನ ಇದ್ದಾರೆ, ಒಬ್ಬೊಬ್ಬರೂ ಹೋಗಿ “ಹೌದಾ?” ಎಂದು ಕೇಳಬೇಕು, ಅವನು ಪ್ರತಿ ಸಲವೂ “ಹೌದು” ಎನ್ನಬೇಕು. ಅದಕ್ಕೆ ಆಯಸ್ಸು ಬೇಕಲ್ಲ.

ನೀನು ಹೋಗಿ ಅವನನ್ನು ನೋಡು. ಬೇಡ ಎನ್ನುವುದಿಲ್ಲ. ನಿನ್ನ ಪ್ರೀತಿಯ ಲೆಕ್ಕ ಬೇರೆ, ನನ್ನದು ಬೇರೆ. ಅಳಿಯಂದಿರ ಹಳೆಯ ಕೋಟು ಕಳಿಸು, ಮೊಣಕೈಗೆ ರಫು ಹಾಕಿ ಕೊಡುತ್ತೇನೆ. ಇಬ್ಬರ ಮೈಯೂ ಮನಸ್ಸೂ ಗಟ್ಟಿಯಾಗಿರಲಿ, ನಿಮ್ಮ ಮನೆಯಲ್ಲಿ ಯಾರೂ ಯಾರಿಗೂ “ಸುಮ್ನಿರು” ಎನ್ನುವ ದಿನ ಬಾರದಿರಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ಊರು ನಂಬಿದ್ದನ್ನು ನಾನು ಸಹಿಸಿದ್ದೆ ಮಗಳೇ. ಅಪ್ಪ ಹೋದ ಮೇಲೆ ನೀನು ಮತ್ತೆ ಶಾಲೆಗೆ ಹೊರಟ ಬೆಳಗ್ಗೆ, ನಾನು ಜಡೆ ಹಾಕುತ್ತಿದ್ದಾಗ, ತಲೆ ತಿರುಗಿಸದೆ ನೀನು ಒಂದು ಮಾತು ಅಂದೆ. ನಿನಗೆ ನೆನಪಿದೆಯೋ ಇಲ್ಲವೋ. “ಅಪ್ಪಂಗೆ ನಾವು ಬೇಕಾಗಿರ್ಲಿಲ್ಲ. ಬೇಕಾಗಿದ್ರೆ ಮಾತ್ರೆ ನುಂಗ್ತಿದ್ದ.” ನುಂಗುತ್ತಿದ್ದರು ಎಂದೆ ನಾನು. “ನೀನು ಸುಳ್ಳು ಹೇಳ್ತೀಯ, ಮಾವ ಹೇಳಿದ್ದಾರೆ” ಎಂದೆ ನೀನು. ಆಮೇಲೆ ಅಪ್ಪ ಎಂಬ ಶಬ್ದ ನಿನ್ನ ಬಾಯಲ್ಲಿ ನಾನು ಕೇಳಿಲ್ಲ, ಮದುವೆಯ ದಿನ ಕೂಡ ಅವರ ಜಾಗದಲ್ಲಿ ಮಾವನನ್ನು ನಿಲ್ಲಿಸಿದೆ. ನನ್ನ ಸೇಡೆಲ್ಲ ಆ ಒಂದು ಮಾತಿಗೆ. ದಿನಾ ಬೆಳಗ್ಗೆ ನುಂಗಿದರು. ನಾವು ಬೇಕಾಗಿದ್ದಕ್ಕೇ ನುಂಗಿದರು. ಅದಕ್ಕೇ ಸತ್ತರು.